ಎಐ ಮತ್ತು ಉದ್ಯೋಗ: ಒಂದೇ ವಿಷಯ ಹಿಡಿದು ರೀಡಿಂಗ್ ಕಲಿಸಿದ ನನ್ನ ಅನುಭವ

ಧಾರವಾಡದ ಸಪ್ತಾಪುರ ಅಂದರೆ ಕೆಎಎಸ್, ಪಿಎಸ್‌ಐ, ಎಫ್‌ಡಿಎ ಓದುವ ಹುಡುಗರ ಊರು. ಅದರ ನಡುವೆ ಐಇಎಲ್‌ಟಿಎಸ್ (ವಿದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ) ಕಲಿಸುವವರು ಬೆರಳೆಣಿಕೆಯಷ್ಟು ಜನ. ಆರು ವಾರ ಪೂರ್ತಿ ‘ಕೃತಕ ಬುದ್ಧಿಮತ್ತೆ ಮತ್ತು ಉದ್ಯೋಗ’ ಎಂಬ ಒಂದೇ ವಿಷಯದ ಮೇಲೆ ರೀಡಿಂಗ್ ಮಾಡಿಸುತ್ತೇನೆ ಅಂದಾಗ ಅವರಲ್ಲಿ ಮೂವರಾದರೂ ಬೇಡ ಅಂದಿದ್ದರು. "ಮೇಡಮ್ಮಾರ, ಪರೀಕ್ಷಾದಾಗ ಜೇನುಹುಳದ ಮ್ಯಾಲೆ ಬಂದ್ರ ನಿಮ್ಮ ಹುಡುಗ್ರು ಏನ್ ಮಾಡ್ಬೇಕ್ರಿ?" ಅಂತ ಒಬ್ಬರು ಕೇಳಿದ್ದರು. ನ್ಯಾಯವಾದ ಪ್ರಶ್ನೆಯೇ. ಈಗ ಆ ಬ್ಯಾಚಿನ ಫಲಿತಾಂಶ ಬಂದಿದೆ. ಹತ್ತು ಹನ್ನೆರಡು ಮಂದಿಯಲ್ಲಿ ಏಳೆಂಟು ಜನಕ್ಕೆ ರೀಡಿಂಗ್‌ನಲ್ಲಿ 9ಕ್ಕೆ 7 ಬ್ಯಾಂಡ್ ಅಥವಾ ಅದಕ್ಕಿಂತ ಹೆಚ್ಚು ಸಿಕ್ಕಿದೆ, ಇಬ್ಬರಿಗೆ 8. ಸೇರುವಾಗ ಇವರೆಲ್ಲ 5.5, 6ರಲ್ಲಿ ಸಿಕ್ಕಿಬಿದ್ದವರು. ಹಾಗಾಗಿ ಇಷ್ಟು ಉದ್ದಕ್ಕೆ ಬರೆಯುವ ಧೈರ್ಯ ಮಾಡಿದ್ದೇನೆ.

ರೀಡಿಂಗ್ ಪರೀಕ್ಷೆಯ ರೀತಿ ಹೀಗಿದೆ. 3 ಪ್ಯಾಸೇಜ್, 40 ಪ್ರಶ್ನೆ, 60 ನಿಮಿಷ. ಅಕಾಡೆಮಿಕ್ ಮಾದರಿಯ ಪರೀಕ್ಷೆಯಲ್ಲಿ ಸುಮಾರು 23 ಸರಿಯಾದರೆ 6 ಬ್ಯಾಂಡ್, 30 ಸರಿಯಾದರೆ 7. ನನ್ನಲ್ಲಿಗೆ ಬರುವವರು ಹೆಚ್ಚಾಗಿ ಹುಬ್ಬಳ್ಳಿಯ ಆಸ್ಪತ್ರೆಗಳಲ್ಲಿ ದುಡಿಯುವ ನರ್ಸ್‌ಗಳು, ಗದಗ–ಹಾವೇರಿ ಕಡೆಯಿಂದ ಬಂದ ಹೆಣ್ಣುಮಕ್ಕಳು. ಬ್ರಿಟನ್ನಿನ ನರ್ಸಿಂಗ್ ನೋಂದಣಿಗೆ ರೈಟಿಂಗ್‌ನಲ್ಲಿ 6.5 ನಡೆಯುತ್ತದೆ, ಆದರೆ ರೀಡಿಂಗ್‌ನಲ್ಲಿ 7 ಬರಲೇಬೇಕು. ಆಗ ಪರೀಕ್ಷೆಯ ಶುಲ್ಕ ₹17–18 ಸಾವಿರ ಇತ್ತು. ಬೆಂಗಳೂರಿಗೆ ಹೋಗಿ ಬರುವ ಖರ್ಚು ಸೇರಿದರೆ ಒಂದು ತಿಂಗಳ ಸಂಬಳ ಅಲ್ಲಿಗೆ ಮುಗಿಯಿತು. 6.5 ಬಂದರೆ ಆ ಸಂಬಳ ಹೋದಂತೆಯೇ. ಇದು ನನ್ನನ್ನು ಬಹಳ ಕಾಡಿದ ಲೆಕ್ಕ.

ಮೊದಲು ಕೆಟ್ಟದ್ದನ್ನು ಹೇಳುತ್ತೇನೆ. ಚಾಟ್‌ಬಾಟ್‌ಗಳು ಬಂದ ಹೊಸದರಲ್ಲಿ ಎಲ್ಲರೂ ಮಾಡಿದ್ದನ್ನೇ ನಾನೂ ಮಾಡಿದೆ. ಪ್ಯಾಸೇಜನ್ನೂ ಅದೇ ಬರೆಯಲಿ, ಪ್ರಶ್ನೆಯನ್ನೂ ಅದೇ ಕೊಡಲಿ, ಕೀ ಆನ್ಸರನ್ನೂ ಅದೇ ಮಾಡಲಿ. ಒಂದು ಸಂಜೆಯಲ್ಲಿ ಹತ್ತು ಪ್ಯಾಸೇಜ್ ಸಿದ್ಧ! ಹುಡುಗಿಯರಿಗೂ ಖುಷಿ, ಏಕೆಂದರೆ 40ಕ್ಕೆ 33, 34 ಬರುತ್ತಿತ್ತು. ಅದೇ ವಾರ ಕೇಂಬ್ರಿಡ್ಜ್‌ನವರು ಪ್ರಕಟಿಸುವ ಅಸಲಿ ಐಇಎಲ್‌ಟಿಎಸ್ ಪೇಪರ್ ಕೊಟ್ಟರೆ ಅದೇ ಹುಡುಗಿಯರು 22ಕ್ಕೆ ಬಂದು ನಿಂತರು. ಕೂತು ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದೆ. ಯಂತ್ರ ಬರೆದ ಪ್ಯಾಸೇಜಿನಲ್ಲಿ ಪ್ರತಿ ಪ್ಯಾರಾದ ಮೊದಲ ಸಾಲೇ ಇಡೀ ಪ್ಯಾರಾದ ಸಾರ. ಪ್ಯಾರಾಕ್ಕೆ ತಕ್ಕ ಹೆಡಿಂಗ್ ಜೋಡಿಸುವ ಪ್ರಶ್ನೆಗೆ ಒಂದು ಸಾಲು ಓದಿದರೆ ಸಾಕು. ಮನುಷ್ಯರು ಬರೆದದ್ದು ಹಾಗಿರುವುದಿಲ್ಲ. ಒಂದು ಮಾತು ಶುರು ಮಾಡಿ, ಅದಕ್ಕೆ ಯಾರೋ ಒಬ್ಬರು ಮಾಡಿದ ಆಕ್ಷೇಪ ಹೇಳಿ, ಮತ್ತೆರಡು ಪ್ಯಾರಾ ಕಳೆದ ಮೇಲೆ ತಮ್ಮ ನಿಲುವು ಹೇಳುತ್ತಾರೆ. ಏಳು ಬ್ಯಾಂಡ್ ಇರುವುದು ಆ ಸುತ್ತು ದಾರಿಯಲ್ಲೇ.

ಕೀ ಆನ್ಸರ್‌ನ ಕಥೆ ಇನ್ನೂ ಕಷ್ಟದ್ದು. ಒಂದು ಹೇಳಿಕೆ ಪ್ಯಾಸೇಜಿಗೆ ಹೊಂದಿದರೆ ‘ಟ್ರೂ’, ವಿರುದ್ಧವಾದರೆ ‘ಫಾಲ್ಸ್’, ಪ್ಯಾಸೇಜಿನಲ್ಲಿ ಆ ಮಾತೇ ಇಲ್ಲದಿದ್ದರೆ ‘ನಾಟ್ ಗಿವನ್’ ಅನ್ನಬೇಕು. ಕೊನೆಯ ಎರಡರ ನಡುವೆ ಯಂತ್ರ ಎಡವುತ್ತಿತ್ತು. "ಇದು ಫಾಲ್ಸ್ ಅಲ್ಲವೇ?" ಅಂತ ಕೇಳಿದರೆ ಕ್ಷಮೆ ಕೇಳಿ ಫಾಲ್ಸ್ ಅನ್ನುತ್ತಿತ್ತು, "ನಾಟ್ ಗಿವನ್ ಅಲ್ಲವೇ?" ಅಂದರೆ ಅದಕ್ಕೂ ಹೌದೆನ್ನುತ್ತಿತ್ತು. ಅದರ ಮೇಲೆ, ಪ್ಯಾಸೇಜಿನಲ್ಲಿ ಇಲ್ಲದ ಅಧ್ಯಯನಗಳನ್ನೂ ಶೇಕಡಾವಾರು ಅಂಕಿಗಳನ್ನೂ ತಾನೇ ಹುಟ್ಟಿಸುತ್ತಿತ್ತು. ಒಬ್ಬಳು ಅದನ್ನು ರೈಟಿಂಗ್ ಟಾಸ್ಕ್‌ನಲ್ಲೂ ಬರೆದಳು. ಅಂದೇ ಆ ಕಾಗದಗಳನ್ನೆಲ್ಲ ರದ್ದಿಗೆ ಹಾಕಿದೆ.

ದುಡ್ಡಿನ ಮಾತು. ಎರಡು ಬೇರೆ ಬೇರೆ ಚಾಟ್‌ಬಾಟ್‌ಗಳಿಗೆ ತಿಂಗಳಿಗೆ ತಲಾ ಎರಡು ಸಾವಿರದ ಹತ್ತಿರ ಕಟ್ಟುತ್ತಿದ್ದೆ, ನಾಲ್ಕೈದು ತಿಂಗಳು. ಝೆರಾಕ್ಸ್‌ಗೆ ಹೋದದ್ದಕ್ಕೆ ಲೆಕ್ಕ ಇಟ್ಟಿಲ್ಲ, ಆದರೂ ಆರೇಳು ಸಾವಿರಕ್ಕೆ ಕಡಿಮೆಯಿಲ್ಲ. ಯಂತ್ರದ ಪ್ಯಾಸೇಜ್ ಓದಿಸಿ, ಆರು ವಾರಕ್ಕೆ ₹6 ಸಾವಿರ ಫೀ ತೆಗೆದುಕೊಂಡಿದ್ದ ಆ ಹಿಂದಿನ ಬ್ಯಾಚಿಗೆ, ಕೇಳಿದವರಿಗೂ ಕೇಳದವರಿಗೂ, ಅರ್ಧ ವಾಪಸ್ ಕೊಟ್ಟೆ. ಎಲ್ಲ ಸೇರಿ ನಲವತ್ತು ಸಾವಿರದ ಮೇಲೆ ಕೈಬಿಟ್ಟಿತು. ಈಗ ಚಂದಾ ಕಟ್ಟುವುದು ಒಂದಕ್ಕೇ, ಅದೂ ಬ್ಯಾಚ್ ಇರುವ ತಿಂಗಳು ಮಾತ್ರ. ಎರಡನೆಯದರ ಪುಕ್ಕಟೆ ಆವೃತ್ತಿಯೇ ಸಾಕಾಗುತ್ತದೆ.

ದಾರಿ ಸಿಕ್ಕಿದ್ದು ಒಂದು ತಪ್ಪು ಉತ್ತರದಿಂದ. ಪ್ಯಾಸೇಜ್ ಎಐ ಮತ್ತು ಆಸ್ಪತ್ರೆಗಳ ಬಗ್ಗೆ ಇತ್ತು. ‘ಎಐ ಬಂದ ಮೇಲೆ ನರ್ಸ್‌ಗಳ ಬೇಡಿಕೆ ಹೆಚ್ಚುತ್ತದೆ’ ಎಂಬ ಹೇಳಿಕೆಗೆ ಕ್ಲಾಸಿನ ಬಹುತೇಕ ಎಲ್ಲರೂ ಟ್ರೂ ಅಂತ ಹಾಕಿದ್ದರು. ಪ್ಯಾಸೇಜಿನಲ್ಲಿ ನರ್ಸ್‌ಗಳ ಬೇಡಿಕೆಯ ಮಾತೇ ಇರಲಿಲ್ಲ. "ಸಾಲು ಎಲ್ಲೈತಿ ತೋರ್ಸು" ಅಂದರೆ ಒಬ್ಬಳು, "ಸಾಲು ಇಲ್ರಿ ಮೇಡಂ, ಆದ್ರ ಅದು ಖರೇನ ಅಲ್ರಿ?" ಅಂದಳು. ಅದೇ ಪ್ರಶ್ನೆಗೆ, ಬೆಂಗಳೂರಿನಲ್ಲಿ ತಮ್ಮನ ಕೆಲಸ ಹೋಗಿದ್ದ ಇನ್ನೊಬ್ಬಳು ಫಾಲ್ಸ್ ಹಾಕಿದ್ದಳು. ಇಬ್ಬರೂ ಉತ್ತರಿಸಿದ್ದು ತಮ್ಮ ಮನಸ್ಸಿನಿಂದ, ಕಾಗದದಿಂದಲ್ಲ.

ಜೇನುಹುಳದ ಬಗ್ಗೆ, ಹಿಮನದಿಯ ಬಗ್ಗೆ ಓದುವಾಗ ಈ ದೋಷ ಹೊರಗೆ ಬರುವುದೇ ಇಲ್ಲ, ಏಕೆಂದರೆ ಅವುಗಳ ಬಗ್ಗೆ ಯಾರಿಗೂ ಗಟ್ಟಿ ಅಭಿಪ್ರಾಯವಿಲ್ಲ. ಕೆಲಸ ಹೋಗುತ್ತದೋ ಉಳಿಯುತ್ತದೋ ಎಂಬುದರ ಬಗ್ಗೆ ಪ್ರತಿಯೊಬ್ಬರಿಗೂ ಇದೆ. ತನ್ನ ಅಭಿಪ್ರಾಯವನ್ನು ಪಕ್ಕಕ್ಕಿಟ್ಟು ಓದುವುದನ್ನು ಕಲಿಯಬೇಕಾದರೆ, ಅಭಿಪ್ರಾಯ ಅತಿ ಗಟ್ಟಿಯಾಗಿರುವ ವಿಷಯದಲ್ಲೇ ಕಲಿಯಬೇಕು. ನೆಟ್ಟಗೆ ಹೇಳಬೇಕೆಂದರೆ ನನ್ನ ಪದ್ಧತಿಯ ಜೀವ ಇಷ್ಟೇ. ಇದನ್ನು ಬೇರೆ ಯಾರೂ ಇಲ್ಲಿ ಮಾಡಿಲ್ಲ ಅಂತ ಹೆಮ್ಮೆಯಿಂದಲೇ ಹೇಳುತ್ತೇನೆ.

ಮಾಡಿಸುವ ಕ್ರಮ ಹೀಗೆ. ಪ್ಯಾಸೇಜನ್ನು ಯಂತ್ರದಿಂದ ಬರೆಸುವುದಿಲ್ಲ. ಅಸಲಿ ವರದಿಗಳಿಂದ, ಅವುಗಳ ಮೇಲಿನ ಒಳ್ಳೆಯ ಲೇಖನಗಳಿಂದ 800–900 ಪದ ನಾನೇ ಕತ್ತರಿಸುತ್ತೇನೆ. ಚಾಟ್‌ಬಾಟಿಗೆ ಕೊಡುವ ಕೆಲಸ ಹೇಳಿಕೆ ಕಟ್ಟುವುದು ಮಾತ್ರ. ಒಂದು ಪ್ಯಾಸೇಜಿಗೆ ಇಪ್ಪತ್ತು ಹೇಳಿಸಿಕೊಳ್ಳುತ್ತೇನೆ, ಅದರಲ್ಲಿ ಐದಾರು ಓದುಗ ನಂಬಿಬಿಡುವಂಥ, ಆದರೆ ಪ್ಯಾಸೇಜ್ ಸುಮ್ಮನಿರುವ ಮಾತುಗಳಾಗಿರಬೇಕು. ಇದಕ್ಕೆ ನಾನು ಕೊಡುವ ಆದೇಶ ಅರ್ಧ ಪುಟದಷ್ಟಿದೆ. ಅದನ್ನು ಪೂರ್ತಿ ಇಲ್ಲಿ ಹಾಕುವುದಿಲ್ಲ, ನನ್ನ ಕ್ಲಾಸು ಅದರ ಮೇಲೆ ನಿಂತಿದೆ. ಒಂದು ಸುಳಿವು ಕೊಡುತ್ತೇನೆ: ಓದುಗ ಯಾರು, ಅವನ ಮನೆಯ ಪರಿಸ್ಥಿತಿ ಏನು, ಅವನಿಗೆ ಯಾವ ಭಯವಿದೆ ಎಂಬುದನ್ನು ಯಂತ್ರಕ್ಕೆ ಮೊದಲು ಹೇಳಬೇಕು. ಆಗ ಬರುವ ಹೇಳಿಕೆಗಳೇ ಬೇರೆ.

ಕೀ ಆನ್ಸರ್ ನಾನೇ ಮಾಡುತ್ತೇನೆ. ಆಮೇಲೆ ಎರಡನೆಯ ಚಾಟ್‌ಬಾಟಿಗೆ ಪ್ಯಾಸೇಜು, ಹೇಳಿಕೆ ಎರಡನ್ನೂ ಕೊಟ್ಟು ಬಿಡಿಸಲು ಹೇಳುತ್ತೇನೆ. ನನ್ನದಕ್ಕೂ ಅದರದ್ದಕ್ಕೂ ತಾಳೆಯಾಗದ ಹೇಳಿಕೆಯನ್ನು ವಾದ ಮಾಡದೆ ಹೊಡೆದುಹಾಕುತ್ತೇನೆ. ಇಪ್ಪತ್ತರಲ್ಲಿ ಉಳಿಯುವುದು ಏಳೆಂಟು.

ಕ್ಲಾಸಿನಲ್ಲಿ ಪ್ಯಾಸೇಜ್ ಕೊಡುವ ಮೊದಲೇ ಹೇಳಿಕೆಗಳನ್ನು ಕೊಡುತ್ತೇನೆ. ಪ್ರತಿಯೊಂದರ ಮುಂದೆ ತಮಗೆ ಒಪ್ಪಿಗೆಯೋ ಅಲ್ಲವೋ ಎಂದು ಪೆನ್ಸಿಲ್‌ನಲ್ಲಿ ಬರೆಯಬೇಕು. ಆಮೇಲೆ ಪ್ಯಾಸೇಜ್ ಓದಿ, ಪೆನ್ನಿನಲ್ಲಿ ಉತ್ತರ, ಪಕ್ಕದಲ್ಲಿ ಸಾಲಿನ ಸಂಖ್ಯೆ. ಟ್ರೂ, ಫಾಲ್ಸ್ ಎರಡಕ್ಕೂ ಸಾಲು ತೋರಿಸದಿದ್ದರೆ ಉತ್ತರ ಸರಿಯಿದ್ದರೂ ಅಂಕವಿಲ್ಲ. ಕೊನೆಗೆ ತಪ್ಪಾದ ಉತ್ತರಗಳನ್ನು ಪೆನ್ಸಿಲ್ ಗುರುತಿನ ಜೊತೆ ಹೋಲಿಸಿ, ಎರಡೂ ಒಂದೇ ಆಗಿದ್ದರೆ ಕೆಂಪು ಚುಕ್ಕೆ. ಮೊದಲ ವಾರ ಮೂರರಲ್ಲಿ ಎರಡು ಪಾಲು ತಪ್ಪುಗಳ ಮೇಲೆ ಕೆಂಪು ಚುಕ್ಕೆ ಬಿತ್ತು. ನಾಲ್ಕನೇ ವಾರದ ಹೊತ್ತಿಗೆ ಐದರಲ್ಲಿ ಒಂದಕ್ಕೆ ಇಳಿದಿತ್ತು. ಬ್ಯಾಂಡ್ ಏರಿದ್ದು ಚುಕ್ಕೆ ಇಳಿದ ಮೇಲೆಯೇ, ಅದಕ್ಕೆ ಮೊದಲಲ್ಲ.

ವಿಷಯವೂ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ, ಏಕೆಂದರೆ ಇಲ್ಲಿ ಎಲ್ಲರೂ ಒಂದೊಂದು ಅಂಕಿ ಹೇಳಿದ್ದಾರೆ, ಅಂಕಿಗಳು ಒಂದಕ್ಕೊಂದು ಹೊಂದುವುದಿಲ್ಲ. 2013ರಲ್ಲಿ ಆಕ್ಸ್‌ಫರ್ಡಿನ ಫ್ರೇ ಮತ್ತು ಆಸ್ಬೋರ್ನ್ 702 ವೃತ್ತಿಗಳನ್ನು ನೋಡಿ, ಅಮೆರಿಕದ ಶೇ 47ರಷ್ಟು ಉದ್ಯೋಗಕ್ಕೆ ಯಂತ್ರೀಕರಣದ ಹೆಚ್ಚಿನ ಅಪಾಯವಿದೆ ಅಂದರು. ಎಷ್ಟು ಕೆಲಸ ನಿಜಕ್ಕೂ ಹೋಗುತ್ತದೆ ಎಂಬ ಅಂದಾಜನ್ನು ಅವರು ಮಾಡಿಲ್ಲ. 2016ರಲ್ಲಿ ಒಇಸಿಡಿಗಾಗಿ (ಹೆಚ್ಚಾಗಿ ಶ್ರೀಮಂತ ದೇಶಗಳ ಒಕ್ಕೂಟ) ನಡೆದ ಅಧ್ಯಯನ, ವೃತ್ತಿಯನ್ನು ಇಡಿಯಾಗಿ ನೋಡದೆ ಅದರೊಳಗಿನ ಒಂದೊಂದು ಕೆಲಸವನ್ನು ಬಿಡಿಸಿ ನೋಡಿ, 21 ದೇಶಗಳ ಸರಾಸರಿ ಶೇ 9 ಅಂದಿತು. ಇವೆರಡನ್ನು ಒಂದೇ ಪ್ಯಾಸೇಜಿನಲ್ಲಿಟ್ಟು ‘ಯಾರ ಮಾತು ಯಾವುದು’ ಪ್ರಶ್ನೆ ಕೊಟ್ಟರೆ ಬೆವರು ಇಳಿಯುತ್ತದೆ. ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) 2024ರಲ್ಲಿ ಜಗತ್ತಿನ ಸುಮಾರು ಶೇ 40ರಷ್ಟು ಉದ್ಯೋಗ ಎಐನ ಪ್ರಭಾವಕ್ಕೆ ಒಡ್ಡಿಕೊಂಡಿದೆ ಅಂದಿತು. ಒಡ್ಡಿಕೊಂಡದ್ದೆಲ್ಲ ಹೋಗುವುದಿಲ್ಲ, ಕೆಲವಕ್ಕೆ ಲಾಭವೂ ಆಗಬಹುದು ಅಂತ ಅದೇ ವರದಿ ಹೇಳುತ್ತದೆ. ‘40 ಪ್ರತಿಶತ ಕೆಲಸ ಹೋಗುತ್ತದೆ’ ಎಂಬ ಹೇಳಿಕೆಗೆ ಟ್ರೂ ಹಾಕದೆ ಕೈ ತಡೆಯುವವಳು 7ರ ಹತ್ತಿರ ಬಂದಳು ಅಂತಲೇ ಅರ್ಥ. ವರ್ಲ್ಡ್ ಎಕನಾಮಿಕ್ ಫೋರಂ 2025ರ ವರದಿಯಲ್ಲಿ 2030ರ ಹೊತ್ತಿಗೆ 17 ಕೋಟಿ ಹೊಸ ಕೆಲಸ ಹುಟ್ಟಿ 9.2 ಕೋಟಿ ಇಲ್ಲವಾಗುತ್ತವೆ ಎಂಬ ಅಂದಾಜಿದೆ, ಆದರೆ ಅದಕ್ಕೆ ಎಐ ಒಂದೇ ಕಾರಣ ಅಂತ ಅವರು ಹೇಳಿಲ್ಲ. ಇದೂ ಒಳ್ಳೆಯ ಬಲೆ.

ನರ್ಸ್‌ಗಳಿಗೆ ಬಹಳ ಹಿಡಿಸಿದ್ದು ಎಐ ವಿಜ್ಞಾನಿ ಜೆಫ್ರಿ ಹಿಂಟನ್ ಮಾತು. ರೇಡಿಯಾಲಜಿಸ್ಟ್‌ಗಳನ್ನು (ಎಕ್ಸ್‌ರೇ, ಸ್ಕ್ಯಾನ್ ನೋಡಿ ಹೇಳುವ ವೈದ್ಯರು) ತಯಾರು ಮಾಡುವುದನ್ನು ಈಗಲೇ ನಿಲ್ಲಿಸಬೇಕು ಅಂತ ಅವರು 2016ರಲ್ಲಿ ಹೇಳಿದ್ದರು. ನಮ್ಮ ಹುಡುಗಿಯರು ದಿನಾ ರೇಡಿಯಾಲಜಿ ವಿಭಾಗದ ಮುಂದೆ ಹಾದುಹೋಗುವವರು, ಅಲ್ಲಿಯ ಸರದಿ ಅವರಿಗೆ ಗೊತ್ತು. ಆ ಪ್ಯಾಸೇಜಿನಲ್ಲಿ ಕೆಂಪು ಚುಕ್ಕೆಗಳ ಸುರಿಮಳೆ. ಇನ್ನೊಂದು, ಎಟಿಎಂ ಕಥೆ. ಅಮೆರಿಕದಲ್ಲಿ ಎಟಿಎಂಗಳು ಹರಡಿದಂತೆ, 1988ರಿಂದ 2004ರ ನಡುವೆ ನಗರದ ಒಂದು ಬ್ಯಾಂಕ್ ಶಾಖೆಗೆ ಬೇಕಾಗುವ ಟೆಲ್ಲರ್‌ಗಳು (ಕೌಂಟರಿನಲ್ಲಿ ಹಣ ಕೊಡುವ ಸಿಬ್ಬಂದಿ) ಸರಾಸರಿ 20ರಿಂದ 13ಕ್ಕೆ ಇಳಿದರು. ಶಾಖೆ ನಡೆಸುವ ಖರ್ಚು ತಗ್ಗಿತು, ಬ್ಯಾಂಕುಗಳು ಹೆಚ್ಚು ಶಾಖೆ ತೆರೆದವು, ಹೀಗಾಗಿ ಟೆಲ್ಲರ್‌ಗಳ ಒಟ್ಟು ಸಂಖ್ಯೆ ಕುಸಿಯಲಿಲ್ಲ. ಕಾರಣದ ಸರಪಳಿ ಹಿಡಿದು ಓದಲು ಇದಕ್ಕಿಂತ ಒಳ್ಳೆಯ ಪ್ಯಾಸೇಜ್ ನನಗೆ ಸಿಕ್ಕಿಲ್ಲ. ಬ್ಯಾಂಕ್ ಪರೀಕ್ಷೆಗೆ ಕಟ್ಟಿದ್ದ ಗದಗಿನ ಹುಡುಗನೊಬ್ಬ ಇದಕ್ಕಾಗಿಯೇ ಬಂದು ಕೂರುತ್ತಿದ್ದ. ಅವನ ಪರೀಕ್ಷೆಯ ಮೊದಲ ಹಂತವಾದ ಪ್ರಿಲಿಮ್ಸ್‌ನಲ್ಲಿ ಇಂಗ್ಲಿಷಿಗೆ 20 ನಿಮಿಷ, 30 ಪ್ರಶ್ನೆ ಇತ್ತು. ಅಲ್ಲಿ ಕೆಂಪು ಚುಕ್ಕೆ ಹಾಕುವಷ್ಟು ಪುರುಸೊತ್ತಿಲ್ಲ, ಆದರೂ ಸಾಲು ಹುಡುಕುವ ಚಟ ಅವನಿಗೆ ಕೆಲಸಕ್ಕೆ ಬಂತಂತೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಕನ್ನಡ ಪತ್ರಿಕೆಯ ಒಂದು ವರದಿ ತೆಗೆದುಕೊಂಡು, ಕನ್ನಡದಲ್ಲೇ ಹತ್ತು ಹೇಳಿಕೆ ಕೊಟ್ಟು, ಟ್ರೂ, ಫಾಲ್ಸ್, ನಾಟ್ ಗಿವನ್ ಮಾಡಿಸಿದೆ. ಎಲ್ಲರಿಗೂ ಹತ್ತಕ್ಕೆ ಹತ್ತು ಬರುತ್ತದೆ ಅಂದುಕೊಂಡಿದ್ದರು. ಬಂದದ್ದು ಆರು, ಏಳು. "ನಮಗ ಇಂಗ್ಲಿಷ್ ಬರಂಗಿಲ್ಲ ಅಂತ ಅಳತಿದ್ವಿ, ಇದು ಬ್ಯಾರೇನ ಐತಲ್ರಿ" ಅಂತ ಒಬ್ಬಳು ಅಂದಳು. ಆ ದಿನದಿಂದ ಕ್ಲಾಸಿನ ಹೆದರಿಕೆ ಅರ್ಧಕ್ಕರ್ಧ ಇಳಿಯಿತು. ಈಗ ಪ್ರತಿ ಬ್ಯಾಚಿನ ಮೊದಲ ದಿನ ಇದನ್ನೇ ಮಾಡಿಸುತ್ತೇನೆ. ನೀವೂ ಮಾಡಿಸಿ, ಖರ್ಚು ಒಂದು ಪತ್ರಿಕೆಯದ್ದು.

ಹುಬ್ಬಳ್ಳಿ–ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಓದಿಸುವ ಪ್ರಯೋಗ ಅಷ್ಟು ಫಲ ಕೊಡಲಿಲ್ಲ. ನೈಟ್ ಡ್ಯೂಟಿ ಮುಗಿಸಿ ಹುಬ್ಬಳ್ಳಿಯಿಂದ ಬರುವವರು ಹೊಸೂರಿನಲ್ಲಿ ಹತ್ತಿ ಧಾರವಾಡ ಮುಟ್ಟುವಷ್ಟರಲ್ಲಿ ಒಂದು ಪ್ಯಾಸೇಜ್ ಮುಗಿಯಬಹುದು ಅನ್ನುವ ಆಸೆ. ಸೀಟು ಸಿಕ್ಕರೆ ನಿದ್ದೆ, ಸಿಗದಿದ್ದರೆ ನಿಂತು ಓದಲಾಗದು. ಅದರಿಂದ ಒಂದು ಉಪಯೋಗ ಮಾತ್ರ ಆಯಿತು: ಫೋನಿನಲ್ಲಿ ಓದಿದಾಗ ಕಾಗದಕ್ಕಿಂತ ಮೂರು ನಾಲ್ಕು ಅಂಕ ಕಡಿಮೆ ಬರುವುದು ಕಂಡಿತು. ಈಗ ಕಂಪ್ಯೂಟರ್‌ನಲ್ಲೇ ಪರೀಕ್ಷೆ ಬರೆಯುವವರು ಹೆಚ್ಚು, ಹಾಗಾಗಿ ಕೊನೆಯ ಎರಡು ವಾರ ಕಾಗದ ಬಂದ್, ಎಲ್ಲವೂ ಪರದೆಯ ಮೇಲೆ. ಪ್ರತಿ ಪ್ಯಾರಾವನ್ನು ಚಾಟ್‌ಬಾಟ್‌ನಿಂದ ಕನ್ನಡದಲ್ಲಿ ವಿವರಿಸಿಕೊಳ್ಳುವ ಪದ್ಧತಿಯನ್ನು ಒಂದು ವಾರಕ್ಕೇ ನಿಲ್ಲಿಸಿದೆ. ವಿವರಣೆ ಸಿಗುತ್ತದೆ ಅಂತ ಗೊತ್ತಾದ ಕೂಡಲೇ ಮೂಲ ಓದುವ ಕಣ್ಣು ಸಡಿಲವಾಗುತ್ತದೆ.

ಜೇನುಹುಳದ ಪ್ರಶ್ನೆಗೆ ಉತ್ತರ ಐದನೇ ವಾರದಲ್ಲಿ ಸಿಕ್ಕಿತು. ಅಲ್ಲಿಂದ ಮಾಕ್ ಟೆಸ್ಟ್‌ಗಳೆಲ್ಲ ಅಸಲಿ ಪೇಪರ್‌ಗಳು, ಇತಿಹಾಸ, ಪ್ರಾಣಿ, ಭೂಗರ್ಭ ಏನು ಬಂದರೂ ಸರಿ. 24, 25ರಲ್ಲಿದ್ದವರು 30, 31 ಮುಟ್ಟಿದರು. ಟ್ರೂ–ಫಾಲ್ಸ್ ಪ್ರಶ್ನೆಗಳಲ್ಲಿ, ಹೇಳಿಕೆಗೆ ವ್ಯಕ್ತಿ ಹೊಂದಿಸುವುದರಲ್ಲಿ, ಬಹು ಆಯ್ಕೆಯಲ್ಲಿ ಸುಧಾರಣೆ ಎದ್ದು ಕಂಡಿತು. ಹೆಡಿಂಗ್ ಜೋಡಿಸುವುದರಲ್ಲಿ ಮಾತ್ರ ಹೆಚ್ಚೇನೂ ಆಗಿಲ್ಲ, ಒಂದೋ ಎರಡೋ ಅಂಕ. ಅದಕ್ಕೀಗ ಬೇರೆ ದಾರಿ ಹುಡುಕುತ್ತಿದ್ದೇನೆ. ಅಸಲಿ ಪ್ಯಾಸೇಜಿನ ಒಂದು ಪ್ಯಾರಾಕ್ಕೆ ಚಾಟ್‌ಬಾಟ್‌ನಿಂದ ನಾಲ್ಕು ಹೆಡಿಂಗ್ ಬರೆಸುತ್ತೇನೆ, ಅದರಲ್ಲಿ ಮೂರು ಪ್ಯಾರಾದ ಯಾವುದೋ ಒಂದು ಉದಾಹರಣೆಯನ್ನಷ್ಟೇ ಹಿಡಿದಿರಬೇಕು. ಹುಡುಗಿಯರು ಸರಿಯಾದುದನ್ನು ಆರಿಸುವ ಬದಲು ತಪ್ಪಾದ ಮೂರು ಏಕೆ ತಪ್ಪು ಎಂದು ಒಂದೊಂದು ಸಾಲು ಬರೆಯಬೇಕು. ಈ ಬ್ಯಾಚಿನಲ್ಲಿ ಎರಡು ವಾರ ಆಗಿದೆ, ಸಮಯ ಬಹಳ ತಿನ್ನುತ್ತದೆ, ಒಂದು ಪ್ಯಾಸೇಜಿಗೆ ಒಂದು ಗಂಟೆ ಬೇಕು. ಫಲಿತಾಂಶ ಬಂದ ಮೇಲೆ ಅಂಕಿಗಳ ಸಮೇತ ಬರೆಯುತ್ತೇನೆ.