ಪುಟ್ಟ ಉಪ್ಪುನೀರಿನ ಟ್ಯಾಂಕಿಗೆ ಸ್ಕಿಮ್ಮರ್ ಬೇಕಾ? ನಾನು ಅಳೆದು ನೋಡಿದ್ದು

ಬೆಂಗಳೂರಿನ ನಮ್ಮ ಮನೆಯ ಹಾಲ್‌ನಲ್ಲಿ ಎರಡಡಿ ಉದ್ದದ ಒಂದು ಉಪ್ಪುನೀರಿನ ಟ್ಯಾಂಕ್ ಇದೆ. ಕಲ್ಲು, ಮರಳು ಕಳೆದರೆ ಒಳಗಿರುವ ನೀರು ಸುಮಾರು 60 ಲೀಟರ್. ಹ್ಯಾಚರಿಯಲ್ಲಿ ಹುಟ್ಟಿದ ಎರಡು ಕ್ಲೌನ್ ಮೀನು, ಒಂದು ಗೋಬಿ ಮೀನು, ಸ್ವಲ್ಪ ಮೆತ್ತನೆಯ ಹವಳ. ಮೊದಲ ವರ್ಷ ಎಲ್ಲ ಚೆನ್ನಾಗಿತ್ತು. ಆಮೇಲೆ ಗಾಜಿಗೆ ಎರಡೇ ದಿನಕ್ಕೆ ಪಾಚಿ ಕಟ್ಟತೊಡಗಿತು. ನೀರಿನ ಮೇಲೆ ಎಣ್ಣೆ ಥರದ ಪದರ. ಮೀನಿನ ಕಸ, ಉಳಿದ ಆಹಾರ ಕೊಳೆತು ಕೊನೆಗೆ ಆಗುವುದು ನೈಟ್ರೇಟ್, ಪಾಚಿಗೆ ಅದೇ ಗೊಬ್ಬರ. ಅದನ್ನು ಟೆಸ್ಟ್ ಮಾಡಿದರೆ 40 ಪಿಪಿಎಂ, ಅಂದರೆ ಲೀಟರಿಗೆ ಸುಮಾರು 40 ಮಿಲಿಗ್ರಾಂ. ಅಂಗಡಿಯವರು ಒಂದೇ ಮಾತು ಹೇಳಿದರು: "ಸ್ಕಿಮ್ಮರ್ ಹಾಕಿಬಿಡಿ ಸಾರ್."

ಸ್ಕಿಮ್ಮರ್ ಅಂದರೆ ನೀರಲ್ಲಿ ಗಾಳಿಗುಳ್ಳೆ ಎಬ್ಬಿಸಿ, ನೊರೆಯ ಜೊತೆ ಕೊಳೆ ತೆಗೆಯುವ ಸಾಧನ. ಅದು ಮಾಡುವ ಕೆಲಸ ಸಮುದ್ರದ ದಡದಲ್ಲೂ ಕಾಣುತ್ತದೆ. ಮಳೆಗಾಲದಲ್ಲಿ ಪಣಂಬೂರಿಗೋ ಮಲ್ಪೆಗೋ ಹೋದವರು ಅಲೆಗಳು ತಂದು ಬಿಡುವ ಕಂದು ನೊರೆ ನೋಡಿರುತ್ತೀರಿ. ನೀರಲ್ಲಿ ಕರಗಿದ ಸಾವಯವ ಕೊಳೆಗೆ ಗಾಳಿಗುಳ್ಳೆಯ ಮೈಗೆ ಅಂಟಿಕೊಳ್ಳುವ ಗುಣವಿದೆ. ಉಪ್ಪುನೀರಲ್ಲಿ ಗುಳ್ಳೆಗಳು ಸಣ್ಣದಾಗಿಯೇ ಉಳಿಯುತ್ತವೆ, ಬೇಗ ಒಂದಕ್ಕೊಂದು ಸೇರುವುದಿಲ್ಲ. ಹಾಗಾಗಿ ನೊರೆ ಕಟ್ಟಿ ಮೇಲೇರಿ ಕಪ್‌ಗೆ ಬೀಳುತ್ತದೆ. ಆದರೆ ಒಂದು ವಿಷಯ ನೆನಪಿರಲಿ. ಸ್ಕಿಮ್ಮರ್ ತೆಗೆಯುವುದು ಇನ್ನೂ ಕೊಳೆಯದ ಪದಾರ್ಥವನ್ನು. ಅದು ಕೊಳೆತು ನೈಟ್ರೇಟ್ ಆದ ಮೇಲೆ ಸ್ಕಿಮ್ಮರ್ ಅದನ್ನು ಮುಟ್ಟುವುದಿಲ್ಲ.

ಇದು ತಲೆಗೆ ಹೋದ ಮೇಲೆ, ದುಡ್ಡು ಕೊಡುವ ಮೊದಲು ಈ 40 ಎಲ್ಲಿಂದ ಬಂತು ಅಂತ ಹುಡುಕೋಣ ಎನಿಸಿತು.

ಮೊದಲು ಟೆಸ್ಟ್ ಮಾಡಿದ್ದು ಟ್ಯಾಂಕಿನ ನೀರನ್ನಲ್ಲ, ನಾನು ಹೊಸದಾಗಿ ಕಲಸಿಟ್ಟ ಉಪ್ಪುನೀರನ್ನು. ಮೀನು ಕಾಣದ, ಆಹಾರ ಬೀಳದ ಆ ನೀರಲ್ಲೇ ನೈಟ್ರೇಟ್ 10 ಇತ್ತು! ನಾನು ಬಳಸುತ್ತಿದ್ದದ್ದು ಅಡುಗೆಮನೆಯ ಆರ್‌ಒ ನೀರು. ನಮ್ಮ ಬೋರ್‌ವೆಲ್ ನೀರಲ್ಲಿ ನೈಟ್ರೇಟ್ ಜಾಸ್ತಿ, ಆರ್‌ಒ ಅದರಲ್ಲಿ ಒಂದಿಷ್ಟನ್ನು ಒಳಗೆ ಬಿಡುತ್ತದೆ. ಕುಡಿಯಲು ಅದರಿಂದ ತೊಂದರೆಯಿಲ್ಲ. ಟ್ಯಾಂಕಿಗೆ ಮಾತ್ರ ನಾನೇ ಪ್ರತಿ ಭಾನುವಾರ ನೈಟ್ರೇಟ್ ಸುರಿಯುತ್ತಿದ್ದೆ. ಎಷ್ಟು ದೊಡ್ಡ ಸ್ಕಿಮ್ಮರ್ ತಂದಿದ್ದರೂ ಇದು ಹೋಗುತ್ತಿರಲಿಲ್ಲ. ಆರ್‌ಒ ಆದ ಮೇಲೆ, ಉಳಿದ ಲವಣಗಳನ್ನೂ ಹಿಡಿದುಕೊಳ್ಳುವ ಡಿಐ ರೆಸಿನ್ ಇರುವ ಒಂದು ಫಿಲ್ಟರ್ ಕೂರಿಸಿದೆ. ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಿತು. ಹೊಸ ನೀರಲ್ಲಿ ನೈಟ್ರೇಟ್ ಸೊನ್ನೆ.

ನಂತರ ಕೆಲವು ದಿನ ಬಿಟ್ಟು ಎರಡು ಸಲ ಅರ್ಧರ್ಧ ನೀರು ಬದಲಿಸಿದೆ. 40 ಇದ್ದದ್ದು 20, ಆಮೇಲೆ 10. ಅಲ್ಲಿಂದ ಎರಡು ವಾರ ನೀರು ಬದಲಿಸದೆ ಬಿಟ್ಟೆ, ಆಹಾರ ಎಂದಿನಂತೆ. ಒಂದೇ ವಾರಕ್ಕೆ ಟೆಸ್ಟ್ ಕಿಟ್‌ನ ಬಣ್ಣದ ಕಾರ್ಡಿನಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ, ಅದಕ್ಕೇ ಎರಡು ವಾರ. ರೀಡಿಂಗ್ 20 ಬಂತು. ಅಂದರೆ ವಾರಕ್ಕೆ 5 ಏರುತ್ತಿದೆ.

ಇಲ್ಲಿ ಒಂದು ಲೆಕ್ಕ ಇದೆ, ನನಗೆ ತುಂಬ ಉಪಯೋಗಕ್ಕೆ ಬಂತು. ನಾನು ವಾರಕ್ಕೆ 10 ಲೀಟರ್ ಬದಲಿಸುತ್ತೇನೆ, 60ರಲ್ಲಿ ಆರನೇ ಒಂದು ಪಾಲು. ಹಾಗಿದ್ದರೆ ನೈಟ್ರೇಟ್ ಏರುತ್ತಾ ಹೋಗಿ, ವಾರದ ಏರಿಕೆಯ ಆರರಷ್ಟಕ್ಕೆ ಬಂದು ನಿಲ್ಲುತ್ತದೆ. ಅಲ್ಲಿ ನಾನು ತೆಗೆಯುವ ಆರನೇ ಒಂದು ಪಾಲು, ವಾರದಲ್ಲಿ ಏರುವುದು, ಎರಡೂ ಸಮ. 5ರ ಆರರಷ್ಟು 30. ಅದಕ್ಕೆ ಮೊದಲು ಸುರಿಯುತ್ತಿದ್ದ ಆರ್‌ಒ ನೀರಲ್ಲೇ ಇದ್ದ 10 ಸೇರಿಸಿ, ಸರಿಯಾಗಿ 40. ಆ ದಿನ ನನಗೆ ಆದ ಖುಷಿ ಹೇಳತೀರದು. ಟ್ಯಾಂಕ್ ನಮ್ಮ ಮೇಲೆ ಮುನಿಸಿಕೊಂಡಿರಲಿಲ್ಲ, ಲೆಕ್ಕದ ಪ್ರಕಾರವೇ ನಡೆಯುತ್ತಿತ್ತು.

ಇನ್ನು ಉಳಿದದ್ದು ಆ 5. ಮೀನಿಗೆ ಕೊಡುವ ಫ್ರೋಜನ್ ಮೈಸಿಸ್ (ಸೀಗಡಿ ಥರದ ಸಣ್ಣ ಜೀವಿ) ಕ್ಯೂಬನ್ನು ಕರಗಿದ ನೀರಿನ ಸಮೇತ ಹಾಕುತ್ತಿದ್ದೆ. ಈಗ ಟೀ ಜಾಲರಿಯಲ್ಲಿ ಸೋಸಿ, ಆ ನೀರು ಚೆಲ್ಲಿ, ಅರ್ಧ ಕ್ಯೂಬ್ ಮಾತ್ರ ಹಾಕುತ್ತೇನೆ. ಮೂರು ಸಣ್ಣ ಮೀನಿಗೆ ಅದು ಸಾಕು. ಟ್ಯಾಂಕಿನ ಹಿಂಭಾಗದಲ್ಲಿರುವ ಫಿಲ್ಟರ್ ಖಾನೆಯ ಸ್ಪಂಜನ್ನು ತಿಂಗಳುಗಟ್ಟಲೆ ತೊಳೆದಿರಲಿಲ್ಲ, ಅದರೊಳಗೆ ಕಸ ಕೊಳೆಯುತ್ತಾ ಕೂತಿತ್ತು. ಅದನ್ನು ತೆಗೆದು ಫಿಲ್ಟರ್ ಹತ್ತಿ ಇಟ್ಟೆ, ಮೂರು ದಿನಕ್ಕೊಮ್ಮೆ ಬದಲಿಸುತ್ತೇನೆ. ಕೊಳೆಯುವ ಮೊದಲೇ ಕಸ ತೆಗೆದರೆ ಅರ್ಧ ಕೆಲಸ ಆದಂತೆ ಅಲ್ವಾ? ಮತ್ತೆ ಎರಡು ವಾರ ಅಳೆದೆ. 10 ಇದ್ದದ್ದು 15 ಆಗಿತ್ತು. ವಾರಕ್ಕೆ ಎರಡೂವರೆ. ಆರರಷ್ಟು ಅಂದರೆ 15ಕ್ಕೆ ನಿಲ್ಲಬೇಕು. ಮೆತ್ತನೆಯ ಹವಳಕ್ಕೆ ಅಷ್ಟು ನೈಟ್ರೇಟ್ ಇದ್ದರೆ ಏನೂ ತೊಂದರೆಯಿಲ್ಲ, ಸೊನ್ನೆಗೆ ಇಳಿದರೇ ಕಷ್ಟ. ರೀಫ್ ಕಟ್ಟುವ ಗಟ್ಟಿ ಹವಳಗಳು ಇನ್ನೂ ಶುದ್ಧ ನೀರು ಕೇಳುತ್ತವೆ. ಆದರೆ ಅವೆಲ್ಲ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಅವನ್ನು ನಾನು ಇಟ್ಟಿಲ್ಲ, ಇಡುವುದೂ ಇಲ್ಲ.

ಇಷ್ಟಾದರೂ ಸ್ಕಿಮ್ಮರನ್ನು ನೋಡದೇ ಬೇಡ ಅನ್ನುವುದು ಸರಿಯಲ್ಲ ಎನಿಸಿತು. ಗೆಳೆಯನ ಹತ್ತಿರ ಚಿಕ್ಕದೊಂದು ಇತ್ತು. ಒಂದು ತಿಂಗಳಿಗೆ ಕೇಳಿ ತಂದೆ. ಮೊದಲ ವಾರ ಬರೀ ತೆಳು ನೀರು ತುಂಬಿತು, ಹೊಸ ಜಾಗಕ್ಕೆ ಹೊಂದಿಕೊಳ್ಳಲು ಅಷ್ಟು ದಿನ ಬೇಕು. ಆಮೇಲೆ ಕಪ್‌ನಲ್ಲಿ ಕಡು ಕಂದು, ಕೆಟ್ಟ ವಾಸನೆಯ ನೀರು. ಮೇಲಿನ ಎಣ್ಣೆ ಪದರ ಮಾಯವಾಯಿತು. ಬೆಳಗಿನ ಪಿಎಚ್ 7.8 ಇದ್ದದ್ದು 8.0 ಆಯಿತು. ನೈಟ್ರೇಟ್ ಏರಿಕೆಯಲ್ಲಿ ಮಾತ್ರ ಕಾರ್ಡಿನಲ್ಲಿ ಕಾಣುವಷ್ಟು ಬದಲಾವಣೆ ಆಗಲಿಲ್ಲ.

ತೊಂದರೆ ಬಂದದ್ದು ನೀರಿನ ಮಟ್ಟದಿಂದ. ಸಣ್ಣ ಟ್ಯಾಂಕಿನಲ್ಲಿ ನೀರು ಆವಿಯಾದರೆ ಇಳಿಯುವುದು ಹಿಂದಿನ ಖಾನೆಯ ಮಟ್ಟ, ಸ್ಕಿಮ್ಮರ್ ಇದ್ದದ್ದೂ ಅಲ್ಲೇ. ಬೇಸಿಗೆಯಲ್ಲಿ ಫ್ಯಾನ್ ಹಾಕಿದರೆ ದಿನಕ್ಕೆ ಎರಡು ಸೆಂಟಿಮೀಟರ್ ಇಳಿಯುತ್ತದೆ. ಇಳಿದಾಗ ಸ್ಕಿಮ್ಮರ್ ಸುಮ್ನೆ ಗುಳುಗುಳು ಅನ್ನುತ್ತದೆ, ನೀರು ತುಂಬಿಸಿದಾಗ ಕಪ್ ಉಕ್ಕುತ್ತದೆ. ರಾತ್ರಿ ಪಕ್ಕದ ರೂಮಿನಲ್ಲಿ ಮಲಗುವ ಅಪ್ಪನಿಗೆ ಆ ಸದ್ದಿಗೆ ನಿದ್ದೆ ಬರುತ್ತಿರಲಿಲ್ಲ.

ಸ್ಕಿಮ್ಮರ್ ಹಿಂತಿರುಗಿಸಿದ ಮೇಲೆ, ಅದು ಕೊಟ್ಟಿದ್ದ ಎರಡು ಲಾಭಗಳನ್ನು ಬೇರೆ ದಾರಿಯಲ್ಲಿ ಪಡೆಯಲು ನೋಡಿದೆ. ಟ್ಯಾಂಕಿನೊಳಗೆ ನೀರು ತಳ್ಳುವ ಪಂಪನ್ನು, ಅಂದರೆ ವೇವ್‌ಮೇಕರನ್ನು, ಸ್ವಲ್ಪ ಮೇಲ್ಮುಖ ಮಾಡಿ ನೀರಿನ ಮೇಲ್ಮೈ ಅಲುಗಾಡುವಂತೆ ಮಾಡಿದೆ, ಪದರ ಒಡೆಯಿತು. ಬೆಳಗಿನ ಪಿಎಚ್ ಕಡಿಮೆ ಇದ್ದದ್ದು ಮುಚ್ಚಿದ ಹಾಲ್‌ನ ಗಾಳಿಯಲ್ಲಿ ಸೇರಿಕೊಳ್ಳುವ ಇಂಗಾಲದ ಡೈಆಕ್ಸೈಡ್‌ನಿಂದ. ರಾತ್ರಿ ಒಂದು ಕಿಟಕಿ ತೆರೆದಿಟ್ಟರೆ 7.9, 8.0.

ಅದೇ ಗೆಳೆಯ ಆಮೇಲೆ 200 ಲೀಟರಿನ ಟ್ಯಾಂಕ್ ಹಾಕಿದ. ಎಂಟು ಮೀನು, ದಿನಕ್ಕೆ ಮೂರು ಸಲ ಆಹಾರ. ಅವನಿಗೆ ಒಳ್ಳೆಯ ಸ್ಕಿಮ್ಮರ್ ತಗೊಳ್ಳಲೇಬೇಕು ಎಂದು ನಾನೇ ಹೇಳಿದೆ. ಅಲ್ಲಿ ಆರನೇ ಒಂದು ಪಾಲು ಅಂದರೆ ವಾರಕ್ಕೆ 33 ಲೀಟರ್, ಒಂದು ಕಿಲೋಗಿಂತ ಜಾಸ್ತಿ ಉಪ್ಪು. ಯಾರು ಹೊರುತ್ತಾರೆ? ನನ್ನದು 10 ಲೀಟರಿನ ಒಂದು ಕ್ಯಾನ್, ಸುಮಾರು 370 ಗ್ರಾಂ ಉಪ್ಪು, ಅರ್ಧ ಗಂಟೆ.

ಕಳೆದ ಮೇ ತಿಂಗಳಲ್ಲಿ ಮದುವೆಗೆಂದು 12 ದಿನ ಊರಿಗೆ ಹೋಗಬೇಕಾಯಿತು. ಮಾತ್ರೆ ಡಬ್ಬಿಯ ಖಾನೆಗಳಲ್ಲಿ ದಿನಕ್ಕಿಷ್ಟು ಅಂತ ಒಣ ಆಹಾರ ಅಳೆದಿಟ್ಟು ಪಕ್ಕದ ಮನೆ ಆಂಟಿಗೆ ಕೊಟ್ಟೆ. "ಒಂದು ಖಾನೆಗಿಂತ ಜಾಸ್ತಿ ಬೇಡ ಆಂಟಿ, ಅವು ಹಸಿದಂತೆ ಕಂಡರೂ ಬೇಡ" ಎಂದು ಎರಡೆರಡು ಸಲ ಹೇಳಿದೆ. ವಾಪಸ್ ಬಂದು ಬ್ಯಾಗ್ ಇಟ್ಟವನೇ ಟೆಸ್ಟ್ ಮಾಡಿದೆ. ಬಣ್ಣ 20ರ ಗುರುತಿಗಿಂತ ಸ್ವಲ್ಪ ತೆಳುವಾಗಿತ್ತು. ಮೂರೂ ಮೀನು ಗಾಜಿನ ಹತ್ತಿರ ಬಂದು ನಿಂತವು.