ಹೊರದೇಶದಲ್ಲಿ ಫುಟ್‌ಬಾಲ್ ಆಡಿ, ಮುಂದೆ ಅಲ್ಲಿಯೇ ತರಬೇತುದಾರರಾಗುವ ಬಗೆ

2009ರಲ್ಲಿ ಸುನಿಲ್ ಛೆಟ್ರಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕ್ಲಬ್ಬಿನೊಂದಿಗೆ ಮೂರು ವರ್ಷಗಳ ಒಪ್ಪಂದಕ್ಕೆ ಬಂದಿದ್ದರು. ಕ್ಲಬ್ಬಿಗೆ ಅವರು ಬೇಕಾಗಿದ್ದರು, ಅವರಿಗೂ ಹೋಗುವ ಮನಸ್ಸಿತ್ತು. ಆದರೆ ಫಿಫಾ ಶ್ರೇಯಾಂಕದಲ್ಲಿ ಭಾರತವು ಮೊದಲ 70 ದೇಶಗಳೊಳಗೆ ಇಲ್ಲವೆಂಬ ಕಾರಣಕ್ಕೆ ಬ್ರಿಟನ್ನಿನಲ್ಲಿ ಅವರಿಗೆ ಕೆಲಸದ ಪರವಾನಗಿ ದೊರೆಯಲಿಲ್ಲ. ಹೊರದೇಶದಲ್ಲಿ ಆಡಬೇಕೆಂದಿರುವ ಆಟಗಾರರೂ ಅವರ ತಂದೆತಾಯಿಗಳೂ ಮೊದಲು ಅರಿಯಬೇಕಾದದ್ದು ಇದನ್ನೇ: ಮೈದಾನದಲ್ಲಿ ಗಳಿಸಿದ ಅವಕಾಶವನ್ನು ಕಾಗದಪತ್ರಗಳು ಉಳಿಸಲೂಬಹುದು, ಕಳೆಯಲೂಬಹುದು. ಆದ್ದರಿಂದ ಈ ಬರಹದಲ್ಲಿ ಚೆಂಡಿನಾಟದ ಕೌಶಲಕ್ಕಿಂತ ನಿಯಮ, ಒಪ್ಪಂದ ಮತ್ತು ಲೈಸೆನ್ಸುಗಳ ವಿಚಾರವೇ ಹೆಚ್ಚಾಗಿ ಬರುತ್ತದೆ.

ಕ್ಲಬ್ಬನ್ನು ಆರಿಸುವ ಮೊದಲು ದೇಶವನ್ನು ಆರಿಸಿಕೊಳ್ಳಿ. ಇಂಗ್ಲೆಂಡಿನಲ್ಲಿ ಇಂದಿಗೂ ಹೊರದೇಶದ ಆಟಗಾರನಿಗೆ ಅಲ್ಲಿನ ಫುಟ್‌ಬಾಲ್ ಸಂಸ್ಥೆಯ ಸಮ್ಮತಿ ಬೇಕು. ಅದು ಅಂಕಗಳ ಲೆಕ್ಕದಲ್ಲಿ ನಡೆಯುತ್ತದೆ, ಆ ಲೆಕ್ಕದಲ್ಲಿ ಆಟಗಾರನ ದೇಶದ ಶ್ರೇಯಾಂಕಕ್ಕೂ ತೂಕವಿದೆ. ಬೇರೆ ದೇಶಗಳಲ್ಲಿ ಬಾಗಿಲು ಅಷ್ಟು ಬಿಗಿಯಾಗಿಲ್ಲ. ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು 2014ರಲ್ಲಿ ನಾರ್ವೆಯ ಸ್ತಾಬೆಕ್ ಕ್ಲಬ್ ಸೇರಿದರು. ಮನೀಷಾ ಕಲ್ಯಾಣ್ 2022ರಲ್ಲಿ ಸೈಪ್ರಸ್‌ನ ಅಪೊಲೊನ್ ಮಹಿಳಾ ತಂಡಕ್ಕೆ ಸೇರಿ, ಯುರೋಪಿನ ಮಹಿಳಾ ಚಾಂಪಿಯನ್ಸ್ ಲೀಗ್‌ನಲ್ಲಿ ಆಡಿದ ಮೊದಲ ಭಾರತೀಯರಾದರು. ದೊಡ್ಡ ಹೆಸರಿನ ಲೀಗಿಗಾಗಿ ವರ್ಷಗಟ್ಟಲೆ ಕಾಯುವುದಕ್ಕಿಂತ, ಪರವಾನಗಿ ಸಿಗುವ ಮತ್ತು ನಿಜವಾಗಿ ಆಡಲು ಬಿಡುವ ಮಧ್ಯಮ ಮಟ್ಟದ ಲೀಗನ್ನು ಹುಡುಕುವುದು ಲೇಸೆಂಬುದು ನನ್ನ ದೃಢ ಅಭಿಪ್ರಾಯ.

ವಯಸ್ಸಿನ ವಿಚಾರದಲ್ಲಿ ಫಿಫಾ ನಿಯಮ ಕಟ್ಟುನಿಟ್ಟಾಗಿದೆ. ಹದಿನೆಂಟು ತುಂಬದ ಆಟಗಾರರನ್ನು ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ವರ್ಗಾಯಿಸುವಂತಿಲ್ಲ. ಇದಕ್ಕೆ ಕೆಲವೇ ವಿನಾಯಿತಿಗಳಿವೆ; ನಮ್ಮವರಿಗೆ ಮುಖ್ಯವಾದದ್ದು, ಫುಟ್‌ಬಾಲಿಗೆ ಸಂಬಂಧವಿಲ್ಲದ ಕಾರಣಕ್ಕೆ ತಂದೆತಾಯಿಗಳು ಆ ದೇಶದಲ್ಲಿ ನೆಲೆಸಿರುವ ಸಂದರ್ಭ. ದುಬೈಯಲ್ಲೋ ಜರ್ಮನಿಯಲ್ಲೋ ಉದ್ಯೋಗಕ್ಕಾಗಿ ನೆಲೆಸಿರುವ ಕನ್ನಡಿಗರ ಮಕ್ಕಳಿಗೆ ಈ ದಾರಿ ತೆರೆದಿದೆ. ಹದಿನೈದರ ಹುಡುಗನನ್ನು ಯುರೋಪಿನ ಕ್ಲಬ್ಬಿಗೆ ಸೇರಿಸುತ್ತೇನೆ, ‘ಟ್ರಯಲ್ಸ್’ ಖರ್ಚಿಗೆ ಮುಂಗಡ ಕೊಡಿ ಎಂದು ಯಾರಾದರೂ ಊರಿನಲ್ಲಿರುವ ಪೋಷಕರನ್ನು ಕೇಳಿದರೆ, ಆ ಮಾತನ್ನು ಅಲ್ಲಿಗೇ ನಿಲ್ಲಿಸಬೇಕು. ಈ ಹೆಸರಿನಲ್ಲಿ ಹೊಲಮನೆ ಅಡವಿಡುವ ಸ್ಥಿತಿ ಯಾವ ಕುಟುಂಬಕ್ಕೂ ಬಾರದಿರಲಿ.

ಆ ಹದಿನೆಂಟರವರೆಗಿನ ಕಾಲವನ್ನು ದಾಖಲೆಗಳನ್ನು ಸರಿಪಡಿಸಿಕೊಳ್ಳಲು ಬಳಸಿ. ಜನನ ಪ್ರಮಾಣಪತ್ರ, ಶಾಲೆಯ ದಾಖಲೆ, ಪಾಸ್‌ಪೋರ್ಟ್ ಮೂರರಲ್ಲಿಯೂ ಹೆಸರು ಮತ್ತು ಹುಟ್ಟಿದ ದಿನಾಂಕ ಒಂದೇ ಆಗಿರಬೇಕು. ಕಿರಿಯರ ಪಂದ್ಯಾವಳಿಗಾಗಿ ವಯಸ್ಸು ಇಳಿಸಿ ಬರೆಸುವ ಕೆಟ್ಟ ಚಾಳಿ ನಮ್ಮಲ್ಲಿದೆ. ಒಮ್ಮೆ ಹಾಗೆ ಮಾಡಿದರೆ ಮುಂದೆ ವೀಸಾ, ನೋಂದಣಿ ಎರಡಕ್ಕೂ ಅದು ಮುಳುವಾಗುತ್ತದೆ. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ ಕೇಂದ್ರೀಯ ನೋಂದಣಿ ವ್ಯವಸ್ಥೆಯಲ್ಲಿ ಎಳವೆಯಿಂದಲೇ ಹೆಸರಿರಲಿ. ಹನ್ನೆರಡನೆಯ ವಯಸ್ಸಿನಿಂದ ಯಾವ ಯಾವ ಕ್ಲಬ್ಬಿನಲ್ಲಿ ನೋಂದಣಿಯಾಗಿತ್ತೆಂಬ ವಿವರವನ್ನು ‘ಆಟಗಾರನ ಪಾಸ್‌ಪೋರ್ಟ್’ ಎಂಬ ದಾಖಲೆ ತೋರಿಸುತ್ತದೆ. ಇದು ಆಟಗಾರನಿಗೆ ಮಾತ್ರವಲ್ಲ, ಬೆಳೆಸಿದವರಿಗೂ ಬೇಕಾದದ್ದು: ಒಪ್ಪಂದದ ಅವಧಿ ಮುಗಿಯುವ ಮೊದಲು ಹಣ ಕೊಟ್ಟು ಅಂತರರಾಷ್ಟ್ರೀಯ ವರ್ಗಾವಣೆ ನಡೆದಾಗ, ಆ ಮೊತ್ತದ ಶೇಕಡಾ 5ರಷ್ಟನ್ನು 12ರಿಂದ 23ರ ವಯಸ್ಸಿನ ನಡುವೆ ತರಬೇತಿ ಕೊಟ್ಟ ಕ್ಲಬ್ಬುಗಳಿಗೆ ಹಂಚಬೇಕೆಂಬ ನಿಯಮವಿದೆ. ಬೆಂಗಳೂರಿನ ಗೌತಮಪುರದಲ್ಲೋ ಆಸ್ಟಿನ್ ಟೌನಿನಲ್ಲೋ ಹುಡುಗರನ್ನು ತಿದ್ದಿ ಬೆಳೆಸುವ ಸಣ್ಣ ಕ್ಲಬ್ಬಿಗೆ ಆ ಪಾಲು ಮುಟ್ಟಬೇಕಾದರೆ, ಅಲ್ಲಿ ಆಡಿದ್ದು ನೋಂದಣಿಯಲ್ಲಿ ಇರಲೇಬೇಕು.

ಏಜೆಂಟ್ ನಂಬಲರ್ಹನೇ ಎಂದು ತಿಳಿಯುವ ದಾರಿ ಸರಳವಾಗಿದೆ. 2023ರಿಂದ ಫಿಫಾ ಮತ್ತೆ ಪರೀಕ್ಷೆ ನಡೆಸಿ ಲೈಸೆನ್ಸ್ ಕೊಡುತ್ತಿದ್ದು, ಲೈಸೆನ್ಸ್ ಉಳ್ಳವರ ಹೆಸರುಗಳನ್ನು ಅದರ ಜಾಲತಾಣದಲ್ಲಿಯೇ ನೋಡಬಹುದು. ಆಟಗಾರನೊಂದಿಗೆ ಏಜೆಂಟ್ ಮಾಡಿಕೊಳ್ಳುವ ಪ್ರಾತಿನಿಧ್ಯದ ಕರಾರು ಎರಡು ವರ್ಷ ಮೀರುವಂತಿಲ್ಲ. ಐದು ವರ್ಷಕ್ಕೆ ಸಹಿ ಕೇಳುವವರು ನಿಯಮವನ್ನು ಅರಿಯದವರು ಅಥವಾ ಅರಿತೂ ಮರೆಮಾಚುವವರು.

ಕ್ಲಬ್ಬಿನ ಒಪ್ಪಂದವನ್ನು ಮಾತ್ರ ನಿಧಾನವಾಗಿ, ಸಾಧ್ಯವಾದರೆ ವಕೀಲರ ಎದುರಿನಲ್ಲಿ ಓದಬೇಕು. ಹದಿನೆಂಟು ತುಂಬಿದವರಿಗೆ ಒಪ್ಪಂದದ ಅವಧಿ ಸಾಮಾನ್ಯವಾಗಿ ಐದು ವರ್ಷ ಮೀರಬಾರದು. ವೈದ್ಯಕೀಯ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಮಾತ್ರ, ಅಥವಾ ಕೆಲಸದ ಪರವಾನಗಿ ಸಿಕ್ಕರೆ ಮಾತ್ರ ಒಪ್ಪಂದ ಊರ್ಜಿತ ಎಂಬ ಷರತ್ತಿಗೆ ಫಿಫಾ ನಿಯಮದಲ್ಲಿ ಮಾನ್ಯತೆಯಿಲ್ಲ. ಆ ತಪಾಸಣೆಯನ್ನೆಲ್ಲ ಕ್ಲಬ್ ಸಹಿಗೆ ಮೊದಲೇ ಮುಗಿಸಬೇಕು. ಸಂಬಳ ನಿಂತರೆ ಏನು ಮಾಡಬೇಕೆಂಬುದನ್ನು ಹೊರಡುವ ಮೊದಲೇ ತಿಳಿದಿರಿ: ಕ್ಲಬ್ ತನ್ನ ತಪ್ಪಿನಿಂದ ಎರಡು ತಿಂಗಳ ಸಂಬಳ ಬಾಕಿಯಿರಿಸಿಕೊಂಡಿದ್ದರೆ, ಆಟಗಾರನು ಲಿಖಿತ ನೋಟಿಸು ಕೊಟ್ಟು ಕನಿಷ್ಠ 15 ದಿನಗಳ ಗಡುವು ನೀಡಿ, ಆಗಲೂ ಹಣ ಬಾರದಿದ್ದರೆ ನ್ಯಾಯಸಮ್ಮತವಾಗಿ ಒಪ್ಪಂದವನ್ನು ಮುರಿಯಬಹುದು. ಅನಂತರ ಫಿಫಾದ ವಿವಾದ ಪರಿಹಾರ ಮಂಡಳಿಗೆ ದೂರು ಕೊಡಬಹುದು. ದೂರಿಗೆ ಎರಡು ವರ್ಷಗಳ ಕಾಲಮಿತಿಯಿದೆ. ನೋಟಿಸು ಕೊಡದೆ ಸಿಟ್ಟಿನಲ್ಲಿ ಊರಿಗೆ ಮರಳಿದ ಆಟಗಾರನೇ ತಪ್ಪಿತಸ್ಥನಾಗುವ ಅಪಾಯವಿರುವುದರಿಂದ, ಬ್ಯಾಂಕಿನ ವಿವರ, ಇಮೇಲು, ವೇತನ ಚೀಟಿ ಎಲ್ಲವನ್ನೂ ಜೋಪಾನ ಮಾಡಿಟ್ಟುಕೊಳ್ಳಬೇಕು. ಜೊತೆಗೆ, ಒಂದು ಪ್ರತಿಯನ್ನು ಮನೆಯವರಿಗೂ ಕಳುಹಿಸಿಡಿ.

ಸಹಿಯಾದ ಮೇಲೆ ಬರುವ ಪ್ರಶ್ನೆ, ಎಷ್ಟು ನಿಮಿಷ ಆಡಲು ಸಿಗುತ್ತದೆ ಎಂಬುದು. ಛೆಟ್ರಿ 2010ರಲ್ಲಿ ಅಮೆರಿಕದ ಕಾನ್ಸಸ್ ಸಿಟಿ ವಿಜರ್ಡ್ಸ್ ಸೇರಿದರೂ ಅಲ್ಲಿನ ಲೀಗ್ ಪಂದ್ಯಗಳಲ್ಲಿ ಕಣಕ್ಕಿಳಿಯಲಾಗಲಿಲ್ಲ. 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್ಬಿನ ‘ಬಿ’ ತಂಡದಲ್ಲಿಯೂ ಅವಕಾಶ ಕಡಿಮೆಯೇ ಇತ್ತು. ಭಾರತದ ಅತ್ಯುತ್ತಮ ಗೋಲುಗಾರನಿಗೇ ಹೀಗಾಯಿತೆಂದರೆ, ಕ್ಲಬ್ಬಿನಲ್ಲಿ ನಿಮ್ಮ ಸ್ಥಾನಕ್ಕೆ ಈಗಾಗಲೇ ಎಷ್ಟು ಮಂದಿ ಇದ್ದಾರೆ, ಅವರ ವಯಸ್ಸೆಷ್ಟು, ತರಬೇತುದಾರನೇ ನಿಮ್ಮನ್ನು ಬಯಸಿದ್ದಾರೆಯೇ ಎಂದು ಮುಂಚೆಯೇ ವಿಚಾರಿಸುವುದರಲ್ಲಿ ಸಂಕೋಚವಿರಬಾರದು. ಸಂಧು ಅವರು ಸ್ತಾಬೆಕ್‌ನಲ್ಲಿ ತಾಳ್ಮೆಯಿಂದ ಕಾದರು. 2016ರಲ್ಲಿ ಯುರೋಪಾ ಲೀಗ್‌ನ ಅರ್ಹತಾ ಪಂದ್ಯವಾಡಿ, ಆ ಟೂರ್ನಿಯಲ್ಲಿ ಆಡಿದ ಮೊದಲ ಭಾರತೀಯರೆನಿಸಿದರು. ಗೋಲ್‌ಕೀಪರ್‌ಗಳಿಗೆ ಇಂಥ ಕಾಯುವಿಕೆ ಫಲ ಕೊಡಬಹುದು, ಗೋಲು ಹೊಡೆಯುವ ಮುಂಚೂಣಿಯ ಆಟಗಾರರಿಗೆ ಕೊಡುವುದು ಅಪರೂಪ.

ಇನ್ನು ತರಬೇತಿ ವೃತ್ತಿ. ಇದರ ಸಿದ್ಧತೆಯನ್ನು ನಿವೃತ್ತಿಯವರೆಗೆ ಮುಂದೂಡಬೇಡಿ; ಮೂವತ್ತರ ಆಸುಪಾಸಿನಲ್ಲಿ, ಇನ್ನೂ ಆಡುತ್ತಿರುವಾಗಲೇ ತೊಡಗಿ. ಏಷ್ಯಾದ ಒಕ್ಕೂಟದಲ್ಲಿ ಸಿ, ಬಿ, ಎ, ಪ್ರೊ ಎಂಬ ಲೈಸೆನ್ಸುಗಳು ಕ್ರಮವಾಗಿ ಬರುತ್ತವೆ, ಯುರೋಪಿನ ಒಕ್ಕೂಟದಲ್ಲಿಯೂ ಅದೇ ಕ್ರಮವಿದೆ. ಒಂದು ಮೆಟ್ಟಿಲಿನಿಂದ ಮತ್ತೊಂದಕ್ಕೆ ಏರುವ ಮೊದಲು ತಂಡವೊಂದಕ್ಕೆ ತರಬೇತಿ ಕೊಟ್ಟ ಅನುಭವ ತೋರಿಸಬೇಕಾಗುವುದರಿಂದ ಪ್ರೊ ತಲಪಲು ಹಲವು ವರ್ಷಗಳೇ ಹಿಡಿಯುತ್ತವೆ. ಆಡುತ್ತಿರುವ ದೇಶದಲ್ಲಿಯೇ ಕೋರ್ಸಿಗೆ ಸೇರಿದರೆ ಅಲ್ಲಿನ ಭಾಷೆ, ಆಟದ ರೀತಿ, ಮುಂದೆ ಕೆಲಸ ಕೊಡಬಲ್ಲ ಜನರ ಪರಿಚಯ ಮೂರೂ ಒಟ್ಟಿಗೆ ಒದಗುತ್ತವೆ. ಇಲ್ಲಿ ಪಡೆದ ಲೈಸೆನ್ಸು ಇನ್ನೊಂದು ಖಂಡದಲ್ಲಿ ತಾನಾಗಿಯೇ ನಡೆಯುತ್ತದೆಂದು ಭಾವಿಸದೆ, ಆ ದೇಶದ ಒಕ್ಕೂಟಕ್ಕೆ ಬರೆದು ಲಿಖಿತ ಉತ್ತರ ಪಡೆಯಿರಿ.

ದೊಡ್ಡ ಆಟಗಾರನಾಗಿದ್ದರೆ ಮಾತ್ರ ಹೊರದೇಶದಲ್ಲಿ ತರಬೇತುದಾರನಾಗಬಹುದೆಂಬ ನಂಬಿಕೆಗೆ ಆಧಾರವಿಲ್ಲ. ಭಾರತ ತಂಡವನ್ನು ಎರಡು ಬಾರಿ ನಡೆಸಿದ ಸ್ಟೀಫನ್ ಕಾನ್‌ಸ್ಟಂಟೈನ್ ಅಮೆರಿಕದ ಸಣ್ಣ ಲೀಗುಗಳಲ್ಲಿ ಆಡಿದವರು. ಗಾಯದಿಂದ ಆಟ ಬೇಗನೆ ಮುಗಿದ ಮೇಲೆ ತರಬೇತಿಗೆ ತಿರುಗಿ, ನೇಪಾಳ, ಮಲಾವಿ, ಸುಡಾನ್, ರುವಾಂಡ ದೇಶಗಳ ತಂಡಗಳನ್ನು ಕಟ್ಟಿದರು. ಇತರರು ಹೋಗಲು ಹಿಂಜರಿಯುವ ದೇಶಕ್ಕೆ ಮೊದಲ ಹುದ್ದೆಗಾಗಿ ಹೋಗಲು ಅವರು ಸಿದ್ಧರಿದ್ದರು. 2006ರಿಂದ 2011ರವರೆಗೆ ಭಾರತಕ್ಕೆ ತರಬೇತಿ ನೀಡಿದ ಬಾಬ್ ಹೌಟನ್ ಇನ್ನೂ ಇಪ್ಪತ್ತರ ಹರೆಯದಲ್ಲಿಯೇ, 1974ರಲ್ಲಿ ಸ್ವೀಡನ್ನಿನ ಮಾಲ್ಮೋ ಕ್ಲಬ್ಬಿನ ಹೊಣೆ ಹೊತ್ತು, 1979ರಲ್ಲಿ ಅದನ್ನು ಯುರೋಪಿಯನ್ ಕಪ್ ಫೈನಲ್ಲಿಗೆ ಕರೆದೊಯ್ದರು. ಬೆಂಗಳೂರು ಎಫ್‌ಸಿಯ ಮೊದಲ ತರಬೇತುದಾರ ಆಶ್ಲಿ ವೆಸ್ಟ್‌ವುಡ್ ಇಂಗ್ಲೆಂಡಿನ ಕೆಳ ಲೀಗುಗಳಲ್ಲಿ ದೀರ್ಘ ಕಾಲ ಆಡಿ ಬಂದವರು; ಆಗ ದೇಶದ ಪ್ರಮುಖ ಲೀಗಾಗಿದ್ದ ಐ-ಲೀಗಿನ 2013–14 ಮತ್ತು 2015–16ರ ಪ್ರಶಸ್ತಿಗಳನ್ನು ಅವರ ಕೈಕೆಳಗೆ ಈ ಊರಿನ ತಂಡ ಗೆದ್ದಿತು. ನಮ್ಮ ಆಟಗಾರರೂ ಇದೇ ದಾರಿಯಲ್ಲಿ ನೇಪಾಳಕ್ಕೋ ಭೂತಾನಕ್ಕೋ ಮಾಲ್ಡೀವ್ಸ್‌ಗೋ ಸಹಾಯಕ ತರಬೇತುದಾರರಾಗಿ ಅಥವಾ ಕಿರಿಯರ ತಂಡದ ಹೊಣೆ ಹೊತ್ತು ಹೋಗುವುದನ್ನು ಗಂಭೀರವಾಗಿ ಯೋಚಿಸಬೇಕು.

ಅರ್ಜಿಯೊಂದಿಗೆ ಲೈಸೆನ್ಸಿನ ಪ್ರತಿ, ಆಡಿದ ಕ್ಲಬ್ಬುಗಳ ವಿವರ, ನೀವು ನಡೆಸಿದ ಒಂದು ಅಭ್ಯಾಸದ ವಿಡಿಯೊ ಮತ್ತು ಅದರ ಉದ್ದೇಶವನ್ನು ವಿವರಿಸುವ ಒಂದು ಪುಟದ ಟಿಪ್ಪಣಿ ಇರಲಿ. ತರಬೇತುದಾರರ ಒಪ್ಪಂದಗಳಿಗೆ 2021ರಿಂದ ಫಿಫಾ ಪ್ರತ್ಯೇಕ ನಿಯಮಗಳನ್ನು ತಂದಿದ್ದು, ಎರಡು ತಿಂಗಳ ಬಾಕಿ ಮತ್ತು 15 ದಿನಗಳ ನೋಟಿಸಿನ ರಕ್ಷಣೆ ಅವರಿಗೂ ಇದೆ. ಆಟಗಾರರಿಗಿಂತ ತರಬೇತುದಾರರು ಋತುವಿನ ನಡುವೆ ಕೆಲಸ ಕಳೆದುಕೊಳ್ಳುವುದು ಬಹಳ ಹೆಚ್ಚು. ಆದುದರಿಂದ ಅವಧಿಗೆ ಮೊದಲೇ ತೆಗೆದುಹಾಕಿದರೆ ಎಷ್ಟು ಪರಿಹಾರ, ಎಷ್ಟು ದಿನದೊಳಗೆ, ಯಾವ ಕರೆನ್ಸಿಯಲ್ಲಿ ಎಂಬುದನ್ನೂ, ಮನೆಯವರ ವೀಸಾ, ವಿಮಾನದ ಖರ್ಚು, ಆರೋಗ್ಯ ವಿಮೆ ಯಾರ ಹೊಣೆ ಎಂಬುದನ್ನೂ ಸಹಿಗೆ ಮೊದಲು ಒಪ್ಪಂದದಲ್ಲಿ ಬರೆಸಿಕೊಳ್ಳಿ.