11 ಎಂಬಿಗೆ ನಿಂತುಬಿಡುತ್ತಿದ್ದ ಕಾಪಿ

ಸಣ್ಣ ಆಫೀಸುಗಳ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ನನಗೆ ಬರುವ ಫೋನುಗಳಲ್ಲಿ ಜಾಸ್ತಿ ಇರುವುದು ಒಂದೇ ದೂರು: 'ಸರ್ವರ್ ತುಂಬಾ ಸ್ಲೋ ಸಾರ್.' ಎಷ್ಟು ಸ್ಲೋ ಅಂತ ಮಾತ್ರ ಯಾರೂ ಹೇಳುವುದಿಲ್ಲ. ಆ ಒಂದು ಸಂಖ್ಯೆ ಸಿಕ್ಕಿದರೆ ಅರ್ಧ ಕೆಲಸ ಮುಗಿದ ಹಾಗೆ.

ಮೈಸೂರಿನ ಒಂದು ಆರ್ಕಿಟೆಕ್ಟ್ ಆಫೀಸಿನಲ್ಲಿ ಹೀಗೇ ಆಯಿತು. ಡ್ರಾಯಿಂಗು, ರೆಂಡರ್ ಫೈಲು ಎಲ್ಲಾ ಕೆಳಗಿನ ಮಹಡಿಯ ನ್ಯಾಸ್‌ನಲ್ಲಿ, ಅಂದರೆ ಎಲ್ಲರೂ ನೆಟ್‌ವರ್ಕ್ ಮೂಲಕ ಬಳಸುವ ಸ್ಟೋರೇಜ್ ಪೆಟ್ಟಿಗೆಯಲ್ಲಿ. ಕೆಲಸ ಮಾಡುವವರು ಮೇಲಿನ ಮಹಡಿಯಲ್ಲಿ. ನಾನು ಹೋಗುವ ಹೊತ್ತಿಗೆ ಮಾಲೀಕರು ಇಂಟರ್‌ನೆಟ್ ಪ್ಲಾನ್ ದೊಡ್ಡದು ಮಾಡಿಸಿದ್ದರು. ಏನೂ ಬದಲಾಗಿರಲಿಲ್ಲ. ಆಗುವುದಾದರೂ ಹೇಗೆ? ಕೆಳಗಿನಿಂದ ಮೇಲಕ್ಕೆ ಬರುವ ಫೈಲು ಆಫೀಸಿನ ಹೊಸ್ತಿಲು ದಾಟುವುದೇ ಇಲ್ಲ. 'ಹಂಗಾದ್ರೆ ಹೊಸ ಸ್ವಿಚ್ ಹಾಕಿಸಿಬಿಡೋಣ್ವಾ?' ಅಂದರು. ಸ್ವಿಚ್ ಅಂದರೆ ನೆಟ್‌ವರ್ಕ್ ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆ. ಸ್ವಲ್ಪ ತಡೀರಿ ಸಾರ್ ಅಂದೆ.

ಮೊದಲು ನ್ಯಾಸ್‌ನಿಂದ ಒಂದು ದೊಡ್ಡ ವಿಡಿಯೊ ಫೈಲು ಕಾಪಿಗೆ ಹಾಕಿದೆ. ವಿಂಡೋಸ್ ತೋರಿಸುವ ಗ್ರಾಫ್ ಸೆಕೆಂಡಿಗೆ 11 ಎಂಬಿ ಹತ್ತಿರ ಏರಿ, ಅಲ್ಲಿಂದ ಸ್ಕೇಲ್ ಇಟ್ಟು ಗೆರೆ ಎಳೆದಂತೆ ನೇರ ಹೋಯಿತು. ಈ 11ಕ್ಕೆ ಒಂದು ಲೆಕ್ಕ ಇದೆ. ನೆಟ್‌ವರ್ಕ್ ವೇಗ ಹೇಳುವುದು ಬಿಟ್‌ಗಳಲ್ಲಿ, ಫೈಲಿನ ಅಳತೆ ಬೈಟ್‌ಗಳಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಲಿಂಕನ್ನು ಎಂಟರಿಂದ ಭಾಗಿಸಿದರೆ 12.5. ಅದರಲ್ಲಿ ವಿಳಾಸ, ಹೆಡರ್ ಅಂತ ಹೋಗುವುದು ಹೋಗಿ ಕೈಗೆ ಸಿಗುವುದು 11 ಚಿಲ್ಲರೆ. ಗಿಗಾಬಿಟ್, ಅಂದರೆ 1000 ಎಂಬಿಪಿಎಸ್ ಆದರೆ 110ರ ಆಸುಪಾಸು ಸಿಗಬೇಕು. ಡಿಸ್ಕ್ ಸುಸ್ತಾಗಿದ್ದರೆ ಗ್ರಾಫ್ ಏರಿಳಿಯುತ್ತದೆ, ಇಷ್ಟು ನೇರ ಇರುವುದಿಲ್ಲ. ಅಂದರೆ ದಾರಿಯಲ್ಲಿ ಎಲ್ಲೋ ಒಂದು ಕಡೆ ಲಿಂಕ್ 100ಕ್ಕೆ ಇಳಿದಿದೆ.

ಎಲ್ಲಿ ಅಂತ ಹುಡುಕಬೇಕಲ್ವಾ? ವಿಂಡೋಸ್ ಸೆಟ್ಟಿಂಗ್ಸ್‌ನ ಈಥರ್ನೆಟ್ ಪುಟದಲ್ಲಿ ಲಿಂಕ್ ಸ್ಪೀಡ್ ಕಾಣುತ್ತದೆ. ರಿಸೆಪ್ಷನ್ ಪಕ್ಕದ ಎರಡು ಪಿಸಿಗಳಲ್ಲಿ 100 ಅಂತ ಇತ್ತು. ಅಲ್ಲಿ ಕೇಬಲ್ ಮೊದಲು ಐಪಿ ಫೋನಿಗೆ (ನೆಟ್‌ವರ್ಕ್ ಕೇಬಲ್ ಮೇಲೇ ನಡೆಯುವ ಫೋನು) ಹೋಗಿ, ಫೋನಿನ ಹಿಂದಿನ ಪೋರ್ಟಿನಿಂದ ಪಿಸಿಗೆ ಬಂದಿತ್ತು. ಹಳೆಯ ಫೋನುಗಳ ಆ ಪೋರ್ಟ್ 100ಕ್ಕಿಂತ ಮೇಲೆ ಹೋಗುವುದಿಲ್ಲ. ಸರಿ, ಈ ಎರಡರ ಕತೆ ಗೊತ್ತಾಯಿತು. ಆದರೆ ಮೇಲಿನ ಪಿಸಿಗಳೆಲ್ಲ 1000 ತೋರಿಸುತ್ತಿದ್ದವು. ಕಾಪಿ ಮಾತ್ರ 11.

ಮೇಲಿನ ಒಂದು ಪಿಸಿಯಿಂದ ಪಕ್ಕದ ಪಿಸಿಗೆ ಅದೇ ಫೈಲು ಕಳಿಸಿ ನೋಡಿದೆ. 110 ಬಂತು. ಆಮೇಲೆ ಇಬ್ಬರಿಗೆ ಒಟ್ಟಿಗೇ ನ್ಯಾಸ್‌ನಿಂದ ಕಾಪಿ ಮಾಡಲು ಹೇಳಿದೆ. ಇಬ್ಬರಿಗೂ ಐದೈದೂವರೆ. ಇದ್ದ 11ನ್ನೇ ಹಂಚಿಕೊಂಡಿದ್ದರು. ಹಾಗಾದರೆ ತೊಂದರೆ ಇರುವುದು ಎಲ್ಲರೂ ಹಾದುಹೋಗುವ ದಾರಿಯಲ್ಲಿ, ಮೇಲಿನ ಸ್ವಿಚ್‌ನಿಂದ ಕೆಳಗೆ ಇಳಿಯುವ ಕೇಬಲ್‌ನಲ್ಲಿ ಅಥವಾ ನ್ಯಾಸಿನ ಕೇಬಲ್‌ನಲ್ಲಿ. ಲ್ಯಾಪ್‌ಟಾಪ್ ತಗೊಂಡು ಹೋಗಿ ಕೆಳಗಿನ ಸ್ವಿಚ್‌ಗೇ ಚುಚ್ಚಿದೆ. 110. ಉಳಿದದ್ದು ಮಹಡಿ ಇಳಿಯುವ ಕೇಬಲ್ ಒಂದೇ.

ಕೇಬಲ್‌ನೊಳಗೆ ಎಂಟು ತಂತಿ. ಒಂದೊಂದನ್ನೂ ಪರೀಕ್ಷಿಸುವ ಟೆಸ್ಟರ್ ಹಾಕಿದರೆ ಒಂದರಿಂದ ಏಳರವರೆಗೆ ದೀಪ ಹತ್ತಿತು, ಎಂಟು ಹತ್ತಲಿಲ್ಲ. ಎಂಟು ಅಂದರೆ ಕಂದು ತಂತಿ. 100 ಎಂಬಿಪಿಎಸ್‌ಗೆ 1, 2, 3, 6 ಈ ನಾಲ್ಕು ತಂತಿ ಸಾಕು. ಗಿಗಾಬಿಟ್‌ಗೆ ಎಂಟೂ ಬೇಕು. ಕಂದು ಹೋದರೂ ಸ್ವಿಚ್ ಏನೂ ಗಲಾಟೆ ಮಾಡುವುದಿಲ್ಲ. ಸುಮ್ನೆ 100ಕ್ಕೆ ಇಳಿದು ನಡೆಸಿಕೊಂಡು ಹೋಗುತ್ತದೆ. ದೀಪವೂ ಮಿಣುಕುತ್ತಿರುತ್ತದೆ. ಪೂರ್ತಿ ಸತ್ತಿದ್ದರೆ ಆವತ್ತೇ ಯಾರಾದರೂ ನೋಡುತ್ತಿದ್ದರು.

ಕೇಬಲ್ ತುದಿಯ ಜ್ಯಾಕ್ ಕತ್ತರಿಸಿ ಮತ್ತೆ ಕ್ರಿಂಪ್ ಮಾಡೋಣ, ಅಂದರೆ ಹೊಸ ಜ್ಯಾಕ್ ಒತ್ತಿ ಕೂರಿಸೋಣ ಅಂತ ಸಿಪ್ಪೆ ಸುಲಿದೆ. ತಂತಿ ಎರಡು ಸಲ ಬಗ್ಗಿಸುವಷ್ಟರಲ್ಲಿ ಮುರಿಯಿತು. ಬ್ಲೇಡಿನಿಂದ ಕೆರೆದು ನೋಡಿದರೆ ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ. ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ! ಸಿಸಿಎ ಅಂತ ಅಗ್ಗಕ್ಕೆ ಸಿಗುತ್ತದೆ. ನನ್ನ ಕೇಳಿದರೆ ಗೋಡೆಯೊಳಗೆ ಹೋಗುವ ಕೇಬಲ್‌ನಲ್ಲಿ ದುಡ್ಡು ಉಳಿಸುವುದು ಶುದ್ಧ ದಂಡ. ಅದನ್ನು ಕಿತ್ತು ಅಪ್ಪಟ ತಾಮ್ರದ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಎಳೆಸಿದೆ. ಕ್ರಿಂಪ್ ಮಾಡುವಾಗ ಜೋಡಿ ತಂತಿಗಳ ತಿರುವನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬಾರದು. ಆಮೇಲೆ ಐಪರ್ಫ್3 ಅನ್ನುವ ಪ್ರೋಗ್ರಾಂ ಓಡಿಸಿದೆ. ಇದು ಡಿಸ್ಕ್ ಮುಟ್ಟದೆ ದಾರಿಯನ್ನಷ್ಟೇ ಅಳೆಯುತ್ತದೆ. 940 ಎಂಬಿಪಿಎಸ್ ಬಂತು. ಗಿಗಾಬಿಟ್‌ನಲ್ಲಿ ಅದಕ್ಕಿಂತ ಜಾಸ್ತಿ ನಿರೀಕ್ಷಿಸಬಾರದು.

ಆದರೂ ಒಬ್ಬರು ಬಿಡಲಿಲ್ಲ. 'ನಂದು ಈಗ್ಲೂ ಸ್ಲೋ.' ಅವರು ಕಾಪಿ ಮಾಡುತ್ತಿದ್ದದ್ದು ಸಾವಿರಾರು ಪುಟಾಣಿ ಟೆಕ್ಸ್ಚರ್ ಫೈಲುಗಳ ಫೋಲ್ಡರ್. ಪ್ರತಿ ಫೈಲಿಗೂ ತೆರೆಯೋದು, ಅನುಮತಿ ಕೇಳೋದು, ಮುಚ್ಚೋದು ಅಂತ ಹೋಗಿ ಬರುವ ಮಾತುಕತೆ ಇರುತ್ತದೆ, ಜೊತೆಗೆ ಆ್ಯಂಟಿವೈರಸ್ ಒಂದೊಂದನ್ನೂ ತಡವಿ ನೋಡುತ್ತದೆ. ಇಲ್ಲಿ ಕೇಬಲ್ ಏನೂ ಮಾಡಲಾರದು. ಜಿಪ್ ಮಾಡಿ ಒಂದೇ ಫೈಲಾಗಿ ತಗೊಳ್ಳಿ ಅಂದೆ. ದಿನಾ ಮಾಡುವ ಕಾಪಿಗೆ ವಿಂಡೋಸ್‌ನಲ್ಲೇ ಇರುವ ರೋಬೋಕಾಪಿ ಹಾಕಿಕೊಟ್ಟೆ. ಅದರ ಎಂಟಿ ಆಯ್ಕೆ ಕೊಟ್ಟರೆ ಒಂದೇ ಸಲಕ್ಕೆ ಹಲವು ಫೈಲು ಹೋಗುತ್ತವೆ. 128ರವರೆಗೂ ಏರಿಸಬಹುದು, ನಾನು 16ಕ್ಕೆ ನಿಲ್ಲಿಸಿದೆ. ತಿರುಗುವ ಹಾರ್ಡ್‌ಡಿಸ್ಕ್ ಇರುವ ನ್ಯಾಸ್‌ಗೆ ಅದಕ್ಕಿಂತ ಹೆಚ್ಚು ಹೊರಿಸುವುದು ನನಗೆ ಸರಿ ಕಾಣಲಿಲ್ಲ.

ಫೋನಿನ ಹಿಂದಿದ್ದ ಎರಡು ಪಿಸಿಗಳಿಗೆ ಬೇರೆ ಕೇಬಲ್ ಎಳೆಯಲಿಲ್ಲ. ಅಲ್ಲಿ ಕೂರುವವರು ಬಿಲ್ಲು, ಮೇಲ್ ಬಿಟ್ಟು ಬೇರೇನೂ ತೆರೆಯುವುದಿಲ್ಲ. ಅವರಿಗೆ 11 ಎಂಬಿ ಧಾರಾಳ.